ಯು-೯೬: ನೌಕೆಯೂ ಚಿತ್ರವೂ

ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿ ನೌಕೆಗಳನ್ನೇರಿ ಹೊರಟ ಸುಮಾರು ೪೦,೦೦೦ ನಾವಿಕರಲ್ಲಿ ೩೦,೦೦೦ದಷ್ಟು ಮಂದಿ ಮರಳಿ ಬರಲಿಲ್ಲ. ಅವರ ಬಾಳು ಎಂತಹದಾಗಿದ್ದಿತೆಂಬುದನ್ನು ಲೋಕದ ಕಣ್ಣಿಗೆ ಕಟ್ಟಿದುದು, ೧೯೮೧ರಲ್ಲಿ ವೋಲ್ಫ್‌ಗಾಂಗ್ ಪೀಟರ್ಸನ್ ಎಂಬ ನಿರ್ದೇಶಕನು ತೆಗೆದ 'ದಾಸ್ ಬೋಟ್' ಎಂಬ ಚಲಚ್ಚಿತ್ರ.

ಇದರ ಮೂಲ ಕೇವಲ ಕಲ್ಪನೆಯಲ್ಲ. ೧೯೪೧ರ ಶರತ್ಕಾಲದಲ್ಲಿ ಬುಖ್‌ಹೈಮ್ ಎಂಬ ಯುದ್ಧವರದಿಗಾರನು ಯು-೯೬ ಎಂಬ ನೌಕೆಯಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಹೋಗಿ ಬಂದನು. ಆ ಅನುಭವವೇ ೧೯೭೩ರಲ್ಲಿ ಕಾದಂಬರಿಯಾಗಿ, ಬಳಿಕ ಚಿತ್ರವಾಯಿತು. ನೌಕೆಯ ಉದ್ದ ೬೭ ಮೀಟರು. ಜನರು ವಾಸಿಸುವ ಒಳಗಿನ ಉಕ್ಕಿನ ಕೊಳವೆಯ ಅಗಲವಾದರೋ ೫ ಮೀಟರಿಗೂ ಕಡಮೆ. ಅದರಲ್ಲಿ ನಲವತ್ತಕ್ಕೆ ಮೇಲ್ಪಟ್ಟ ಜನರು ವಾರಗಟ್ಟಲೆ ಕಳೆಯಬೇಕು. ಒಬ್ಬನು ಕಾವಲಿಗೆ ಎದ್ದೊಡನೆ, ಅವನ ಮೈಕಾವು ಆರದ ಹಾಸಿಗೆಯಲ್ಲಿ ಮತ್ತೊಬ್ಬನು ಒರಗುವನು. ಇದ್ದ ಎರಡು ಶೌಚಗೃಹಗಳಲ್ಲಿ ಒಂದು, ಯಾನದ ಮೊದಲಲ್ಲಿ, ಆಹಾರದ ಉಗ್ರಾಣ! ರೊಟ್ಟಿಗೆ ಬೂಷ್ಟು ಹಿಡಿಯುವುದು. ಮುಳುಗಿದಾಗ ಬ್ಯಾಟರಿಯ ವಿದ್ಯುತ್ತೇ ಗತಿ. ಅದು ತೀರುವುದರೊಳಗೆ ಮೇಲೇಳಲೇಬೇಕು. ಆದುದರಿಂದ ಜಲಾಂತರ್ಗಾಮಿಯೆಂದು ಹೆಸರಾದರೂ ಅದರ ಸಂಚಾರ ಬಹುಮಟ್ಟಿಗೆ ನೀರಿನ ಮೇಲೆಯೇ.

ಪೀಟರ್ಸನ್ನನು ಈ ಇಕ್ಕಟ್ಟನ್ನು ಯಥಾವತ್ತಾಗಿ ತೋರಿಸಿದ್ದಾನೆ. ಆದರೂ ಬುಖ್‌ಹೈಮನಿಗೆ ಚಿತ್ರವು ಒಪ್ಪಿಗೆಯಾಗಲಿಲ್ಲ. ಯುದ್ಧವನ್ನು ಖಂಡಿಸುವ ಕೃತಿ ಸಾಹಸದ ಪ್ರದರ್ಶನವಾಯಿತೆಂದು ಆಕ್ಷೇಪಿಸಿದನು. ಆಕ್ಷೇಪ ಪೂರ್ತಿ ನಿರಾಧಾರವಲ್ಲ. ನೀರೊಳಗೆ ಬಾಂಬುಗಳು ಸಿಡಿಯುತ್ತಿರಲು ಪ್ರೇಕ್ಷಕನು ಉಸಿರು ಬಿಗಿಹಿಡಿದು, ಈ ನೌಕೆ ಉಳಿಯಲಿ ಎಂದೇ ಹಾರೈಸುವನು; ಅದು ಏತಕ್ಕಾಗಿ ಹೊರಟಿತೆಂಬುದನ್ನು ಮರೆಯುವನು. ೧೯೪೧ರ ಜನವರಿ ೧೭ರಂದು ಇದೇ ಯು-೯೬, 'ಅಲ್ಮೇಡಾ ಸ್ಟಾರ್' ಎಂಬ ಬ್ರಿಟಿಷ್ ಪ್ರಯಾಣಿಕರ ಹಡಗನ್ನು ಮುಳುಗಿಸಿತು. ಅದರಲ್ಲಿದ್ದ ೩೬೦ ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಚಿತ್ರದಲ್ಲಿ ಇದರ ಸುಳಿವಿಲ್ಲ.

ಆದರೆ ಒಂದು ದೃಶ್ಯವು ಚಿತ್ರದ ಮಾನವನ್ನು ಉಳಿಸುತ್ತದೆ. ಉರಿಯುವ ತೈಲನೌಕೆಗೆ ಕಪ್ತಾನನು ಮತ್ತೊಂದು ಟಾರ್ಪೀಡೊ ಬಿಡುವನು. ಆಗಷ್ಟೆ, ಅದರಲ್ಲಿ ಇನ್ನೂ ಜನರಿರುವರೆಂದು ತಿಳಿಯುವುದು. ಅವರು ನೀರಿಗೆ ಹಾರಿ ಈ ಕಡೆಗೇ ಈಜಿ ಬರುವರು. ಕಪ್ತಾನನು ನೌಕೆಯನ್ನು ಹಿಂದಕ್ಕೆ ನಡೆಸಲು ಆಜ್ಞಾಪಿಸುವನು. ಯಾರೂ ಮಾತನಾಡುವುದಿಲ್ಲ.

ಚಿತ್ರದ ಕೊನೆಯಲ್ಲಿ ಕಪ್ತಾನನು ಬಂದರಿನಲ್ಲಿ ವಿಮಾನದಾಳಿಗೆ ಸಿಕ್ಕಿ, ತನ್ನ ನೌಕೆ ಮುಳುಗುವುದನ್ನು ನೋಡುತ್ತ ಸಾಯುವನು. ನಿಜವಾದ ಕಪ್ತಾನ ಲೆಹ್ಮನ್-ವಿಲ್ಲೆನ್‌ಬ್ರೋಕನಿಗೆ ಹಾಗಾಗಲಿಲ್ಲ. ಯು-೯೬ ೧೯೪೫ರ ಮಾರ್ಚಿಯಲ್ಲಿ ವಿಲ್ಹೆಲ್ಮ್ಸ್‌ಹಾಫೆನ್ ಬಂದರಿನಲ್ಲಿ ಅಮೆರಿಕದ ಬಾಂಬುಗಳಿಂದ ಮುಳುಗಿತು. ಅಷ್ಟು ಹೊತ್ತಿಗೆ ಅವನು ಅದನ್ನು ಬಿಟ್ಟು ಬಹುಕಾಲವಾಗಿದ್ದಿತು. ಯುದ್ಧಾನಂತರ ಸರಕು ಹಡಗುಗಳನ್ನು ನಡೆಸಿದನು. ೧೯೫೯ರಲ್ಲಿ, 'ಇಂಗಾ ಬಾಸ್ಟಿಯನ್' ಎಂಬ ಹಡಗಿನ ಕಪ್ತಾನನಾಗಿದ್ದಾಗ, ಕಡಲಿನಲ್ಲಿ ಉರಿಯುತ್ತಿದ್ದ ಬ್ರೆಜಿಲ್ ದೇಶದ ಹಡಗೊಂದರಿಂದ ೫೭ ಮಂದಿಯನ್ನು ಅವನೂ ಅವನ ನಾವಿಕರೂ ಕಾಪಾಡಿದರು.