ಸಭ್ಯರೂ ಜೂರಿಯವರೂ

ಶೂದ್ರಕನ ಮೃಚ್ಛಕಟಿಕದ ಒಂಬತ್ತನೆಯ ಅಂಕವನ್ನು ಓದಿದವರಿಗೆ ಉಜ್ಜಯಿನಿಯ ಧರ್ಮಾಧಿಕರಣದ ಚಿತ್ರವು ಮರೆಯತಕ್ಕದ್ದಲ್ಲ. ವಸಂತಸೇನೆಯನ್ನು ಕೊಂದನೆಂದು ಸಾಧುವಾದ ಚಾರುದತ್ತನ ಮೇಲೆ ರಾಜಶ್ಯಾಲನಾದ ಶಕಾರನು ಅಭಿಯೋಗವನ್ನು ತಂದಿದ್ದಾನೆ. ವಿಚಾರಣೆಗೆ ಕುಳಿತವನು ಅಧಿಕರಣಿಕನೊಬ್ಬನೇ ಅಲ್ಲ. ಅವನ ಪಕ್ಕದಲ್ಲಿ ಪಟ್ಟಣದ ಶ್ರೇಷ್ಠಿಯೂ ಕಾಯಸ್ಥನೂ ಇದ್ದಾರೆ. ಸಾಕ್ಷ್ಯವೆಲ್ಲವೂ ಚಾರುದತ್ತನಿಗೆ ಪ್ರತಿಕೂಲವಾಗಿ ಬರುತ್ತದೆ. ಅಪರಾಧದ ನಿರ್ಣಯದಲ್ಲಿ ಮಾತ್ರ ತಾವು ಪ್ರಮಾಣರು, ಉಳಿದುದಕ್ಕೆ ರಾಜನು ಪ್ರಮಾಣನು ಎಂದು ಅಧಿಕರಣಿಕನು ಹೇಳಿ, ಬ್ರಾಹ್ಮಣನನ್ನು ವಧಿಸದೆ ರಾಷ್ಟ್ರದಿಂದ ಹೊರಡಿಸುವುದು ಮನುಧರ್ಮವೆಂದು ವಿಜ್ಞಾಪಿಸುತ್ತಾನೆ. ಪಾಲಕರಾಜನಾದರೋ ಶೂಲಕ್ಕೇರಿಸುವಂತೆ ಆಜ್ಞಾಪಿಸುತ್ತಾನೆ. ಸತ್ತಳೆಂದು ಎಲ್ಲರೂ ನಂಬಿದ್ದ ವಸಂತಸೇನೆಯು ಬದುಕಿಯೇ ಇದ್ದಳೆಂಬುದು ಕಡೆಯ ಅಂಕದಲ್ಲಿ ತಿಳಿಯುತ್ತದೆ.

ನಡೆದ ಸಂಗತಿಯನ್ನು ನಿರ್ಣಯಿಸುವವರು ಒಬ್ಬರು, ದಂಡವನ್ನು ವಿಧಿಸುವವರು ಮತ್ತೊಬ್ಬರು ಎಂಬ ಈ ವಿಭಾಗವನ್ನು ನೋಡಿ, ಜೂರಿ ಪದ್ಧತಿಯು ನಮ್ಮ ದೇಶದಲ್ಲಿಯೇ ಹುಟ್ಟಿತೆಂದು ಅಭಿಮಾನದಿಂದ ಹೇಳುವವರುಂಟು. ಅಭಿಮಾನವು ಒಳ್ಳೆಯದು, ಆದರೆ ಚರಿತ್ರೆಯಲ್ಲಿ ಅದಕ್ಕೆ ಮಿತಿಯಿರಬೇಕು. ಸ್ಮೃತಿಕಾರರ ಸಭ್ಯರಿಗೂ ಆಂಗ್ಲರ ಜೂರಿಯವರಿಗೂ ಸಾಮ್ಯವೆಷ್ಟಿದೆಯೋ ವೈಷಮ್ಯವೂ ಅಷ್ಟಿದೆ.

ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವು ಆರಂಭದಲ್ಲಿಯೇ ಸಭಾಸದರ ಲಕ್ಷಣವನ್ನು ಹೇಳುತ್ತದೆ. ಅವರು ಶ್ರುತಾಧ್ಯಯನಸಂಪನ್ನರೂ, ಧರ್ಮಜ್ಞರೂ, ಸತ್ಯವಾದಿಗಳೂ, ಶತ್ರುಮಿತ್ರರಲ್ಲಿ ಸಮರೂ ಆಗಿರಬೇಕು. ರಾಗದಿಂದಾಗಲಿ ಲೋಭದಿಂದಾಗಲಿ ಭಯದಿಂದಾಗಲಿ ಸ್ಮೃತಿಗೆ ವಿರುದ್ಧವಾಗಿ ನಡೆದರೆ ಪ್ರತಿಯೊಬ್ಬನಿಗೂ ಬೇರೆ ಬೇರೆಯಾಗಿ ವಿವಾದದಲ್ಲಿ ಸಲ್ಲುವ ದಂಡದ ಎರಡರಷ್ಟನ್ನು ವಿಧಿಸಬೇಕು. ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕರ್ಣಾಟಕದವನೇ. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವು ಕಲ್ಯಾಣವೆಂಬ ಹೆಸರಿನಿಂದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ರಾಜಧಾನಿಯಾಗಿದ್ದ ಕಾಲದಲ್ಲಿ (1076–1126) ಅವನು ಅಲ್ಲಿದ್ದನು. ಸಭ್ಯರು ಏಳು, ಐದು ಅಥವಾ ಮೂವರಿರಬೇಕೆಂಬ ಬೃಹಸ್ಪತಿಯ ಮತವನ್ನೂ, ಕುಲಶೀಲವಯಸ್ಸುಗಳುಳ್ಳ ಕೆಲವು ವಣಿಜರೂ ಸಭೆಯಲ್ಲಿರಬೇಕೆಂಬ ಕಾತ್ಯಾಯನನ ಮತವನ್ನೂ ಅವನು ಉದಾಹರಿಸುತ್ತಾನೆ. ಅವನು ಮಾಡುವ ಇನ್ನೊಂದು ಸೂಕ್ಷ್ಮವು ಅತ್ಯಂತ ಮನನೀಯವಾದುದು. ರಾಜನಿಂದ ನಿಯುಕ್ತರಾದ ಸಭ್ಯರು ಅನ್ಯಾಯಕ್ಕೆ ಹೊರಟ ರಾಜನನ್ನು ತಡೆಯದಿದ್ದರೆ ದೋಷಭಾಗಿಗಳು. ನಿಯುಕ್ತರಲ್ಲದೆ ಸಭೆಗೆ ಬಂದವರಿಗೆ ರಾಜನನ್ನು ತಡೆಯುವ ಹೊಣೆಯಿಲ್ಲ. ಆದರೆ ಸುಳ್ಳಾಡಿದರೂ, ತಿಳಿದುದನ್ನು ಹೇಳದೆ ಸುಮ್ಮನಿದ್ದರೂ ಅವರಿಗೆ ದೋಷವುಂಟು. ಸುಮ್ಮನಿರುವುದನ್ನು ವಿವೇಕವೆಂದು ಭಾವಿಸುವ ಸಭಿಕರು ಎಲ್ಲ ಕಾಲದಲ್ಲಿಯೂ ಇದ್ದರೆಂದು ಇದರಿಂದ ತಿಳಿಯುತ್ತದೆ.

ಆದರೂ ಈ ಸಭ್ಯನು ಶಾಸ್ತ್ರಜ್ಞನೆಂಬ ಕಾರಣದಿಂದ ಆರಿಸಲ್ಪಟ್ಟವನು. ಜೂರಿಯವನಾದರೋ ಶಾಸ್ತ್ರವನ್ನರಿಯದವನಾದುದರಿಂದಲೇ ಆರಿಸಲ್ಪಡುವವನು. ಬಟ್ಟೆಯ ವ್ಯಾಪಾರಿ, ಅಕ್ಕಸಾಲಿಗ, ಜಮೀನುದಾರ ಮೊದಲಾದವರನ್ನು ಕರೆದು ಕುಳ್ಳಿರಿಸಿ, ಕಾನೂನನ್ನು ನ್ಯಾಯಾಧೀಶನು ತಿಳಿಸುವುದು, ಸಂಗತಿಯನ್ನು ಅವರು ನಿರ್ಣಯಿಸುವುದು ಎಂಬುದು ಅದರ ಕ್ರಮ.

ಇಂಗ್ಲೆಂಡಿನಲ್ಲಿ ಈ ಕ್ರಮವು ಬಲಗೊಂಡ ಬಗೆಯೂ ಸ್ವಾರಸ್ಯವಾದುದು. ನಮ್ಮಲ್ಲಿ ತುಲೆ, ಅಗ್ನಿ, ಜಲ, ವಿಷ, ಕೋಶಗಳೆಂಬ ದಿವ್ಯಗಳಿದ್ದಂತೆ ಅಲ್ಲಿಯೂ ಕಾದ ಕಬ್ಬಿಣವನ್ನು ಹಿಡಿಯುವ, ನೀರಿನಲ್ಲಿ ಮುಳುಗಿಸುವ ದಿವ್ಯಗಳಿದ್ದುವು. 1215ರಲ್ಲಿ ರೋಮಿನಲ್ಲಿ ನೆರೆದ ಕ್ರೈಸ್ತ ಧರ್ಮಪರಿಷತ್ತು ಪಾದ್ರಿಗಳು ಇವುಗಳಲ್ಲಿ ಭಾಗವಹಿಸಕೂಡದೆಂದು ನಿಷೇಧಿಸಿತು. ದೇವರ ಸಾಕ್ಷ್ಯವು ಹೀಗೆ ದುರ್ಲಭವಾಗಲು, ನೆರೆಹೊರೆಯ ಹನ್ನೆರಡು ಜನರ ಮಾತನ್ನೇ ಆಶ್ರಯಿಸಬೇಕಾಯಿತು. ಆದರೆ ಜೂರಿಯವರು ಸ್ವತಂತ್ರರಾಗುವುದಕ್ಕೆ ಇನ್ನೂ ನಾಲ್ಕೂವರೆ ಶತಮಾನಗಳು ಹಿಡಿದುವು. 1670ರಲ್ಲಿ ವಿಲಿಯಂ ಪೆನ್ನನೂ ಅವನ ಸಂಗಡಿಗ ಮೀಡನೂ ಲಂಡನ್ನಿನ ಬೀದಿಯಲ್ಲಿ ಧರ್ಮೋಪದೇಶದ ಸಭೆ ಸೇರಿಸಿದರೆಂದು ವಿಚಾರಣೆಗೆ ಒಳಗಾದರು. ನ್ಯಾಯಪೀಠವು ಬಯಸಿದ ನಿರ್ಣಯವನ್ನು ಜೂರಿಯವರು ಕೊಡಲಿಲ್ಲ. ಅನ್ನ, ನೀರು, ಬೆಂಕಿಗಳಿಲ್ಲದೆ ರಾತ್ರಿಯೆಲ್ಲ ಅವರನ್ನು ಕೂಡಿಹಾಕಿದರು. ಆದರೂ ಅವರು ಬಗ್ಗದೆ ನಿರ್ದೋಷಿಗಳೆಂದೇ ಹೇಳಲು, ಒಬ್ಬೊಬ್ಬರಿಗೂ ನಲವತ್ತು ಮಾರ್ಕು ದಂಡವು ಬಿತ್ತು. ದಂಡವನ್ನು ತೆರಲೊಪ್ಪದೆ ಸೆರೆಗೆ ಹೋದ ಎಡ್ವರ್ಡ್ ಬುಷೆಲ್ಲನ ಮೊರೆಯ ಮೇಲೆ ಮುಖ್ಯ ನ್ಯಾಯಾಧೀಶ ವಾನನು, ಕೊಟ್ಟ ನಿರ್ಣಯಕ್ಕಾಗಿ ಜೂರಿಯವರನ್ನು ದಂಡಿಸಲಾಗದೆಂದು ತೀರ್ಪು ಕೊಟ್ಟನು. ಯಾಜ್ಞವಲ್ಕ್ಯನು ತಪ್ಪು ಹೇಳಿದ ಸಭ್ಯನಿಗೆ ಇಮ್ಮಡಿ ದಂಡವನ್ನಿಟ್ಟನು. ವಾನನು ದಂಡವನ್ನೇ ತೆಗೆದನು. ಒಬ್ಬನು ಸಭ್ಯನ ಲೋಭಕ್ಕೆ ಅಂಜಿದನು, ಮತ್ತೊಬ್ಬನು ಅರಸನ ಬಲಕ್ಕೆ ಅಂಜಿದನು. ಎರಡು ಅಂಜಿಕೆಗಳೂ ನಿರಾಧಾರವಾದುವಲ್ಲ.

ಹಿಂದೂಸ್ಥಾನಕ್ಕೆ ಜೂರಿಯು ಬಂದುದು ಮಾತ್ರ ಶುಭಮುಹೂರ್ತದಲ್ಲಿ ಎಂದು ಹೇಳಲಾಗುವುದಿಲ್ಲ. 1774ರಲ್ಲಿ ಕಲ್ಕತ್ತೆಯಲ್ಲಿ ಸುಪ್ರೀಂ ಕೋರ್ಟು ಸ್ಥಾಪಿತವಾಯಿತು. ಮರುವರ್ಷವೇ, ವಾರನ್ ಹೇಸ್ಟಿಂಗ್ಸನ ಮೇಲೆ ಲಂಚದ ಆರೋಪವನ್ನು ಹೊರಿಸಿದ್ದ ಮಹಾರಾಜ ನಂದಕುಮಾರನು ಕೂಟಪತ್ರದ ಅಪರಾಧಕ್ಕಾಗಿ ಅಲ್ಲಿ ನಿಲ್ಲಬೇಕಾಯಿತು. ಜೂರಿಯ ಹನ್ನೆರಡು ಜನರಲ್ಲಿ ಒಬ್ಬನೂ ದೇಶೀಯನಲ್ಲ. ಸುಳ್ಳು ಪತ್ರಕ್ಕೆ ಮರಣದಂಡನೆಯೆಂಬುದು ವಂಗದೇಶವು ಕಂಡು ಕೇಳದ ಆಂಗ್ಲರ ಶಾಸನ. 1775ನೆಯ ಆಗಸ್ಟ್ 5ರಂದು ಅವನನ್ನು ಗಲ್ಲಿಗೇರಿಸಿದರು. ಐವತ್ತು ವರ್ಷಗಳ ಮೇಲೆ, 1826ರ ಶಾಸನವು ದೇಶೀಯರಿಗೂ ಜೂರಿಯಲ್ಲಿ ಸ್ಥಾನ ಕೊಟ್ಟಿತು; ಆದರೆ ಕ್ರೈಸ್ತನ ವಿಚಾರಣೆಯಲ್ಲಿ ಕ್ರೈಸ್ತರೇ ಕುಳಿತುಕೊಳ್ಳಬೇಕೆಂದೂ ವಿಧಿಸಿತು. ಹಿಂದುವನ್ನೂ ಮುಸಲ್ಮಾನನನ್ನೂ ಕ್ರೈಸ್ತನು ವಿಚಾರಿಸಬಹುದು, ಕ್ರೈಸ್ತನನ್ನು ಅವರು ವಿಚಾರಿಸಲಾಗದು! ರಾಮಮೋಹನ ರಾಯರು ಇದನ್ನು ಬಲವಾಗಿ ಪ್ರತಿಭಟಿಸಿದರು. 1832ರಲ್ಲಿ ಆ ಭೇದವು ಹೋಯಿತು. ಬೇರೊಂದು ಭೇದವು ಉಳಿದೇ ಇತ್ತು: ಇಲ್ಬರ್ಟ್ ಮಸೂದೆಯ ಗದ್ದಲವು ಮುಗಿದ ಮೇಲೆ 1884ರಲ್ಲಿ, ಆರೋಪಿಯು ಯುರೋಪಿಯನ್ನನಾದರೆ ಜೂರಿಯಲ್ಲಿ ಅರ್ಧಕ್ಕೆ ಕಡಮೆಯಿಲ್ಲದಷ್ಟು ಯುರೋಪಿಯನ್ನರೋ ಅಮೆರಿಕನ್ನರೋ ಇರಬೇಕೆಂದು ಕೇಳುವ ಹಕ್ಕು ಅವನಿಗೆ ದೊರೆಯಿತು.

ಜಿಲ್ಲಾ ಸೆಷನ್ಸ್ ಕೋರ್ಟುಗಳಿಗೆ 1861ರ ದಂಡಪ್ರಕ್ರಿಯಾ ಸಂಹಿತೆಯು ಜೂರಿಯ ದಾರಿಯನ್ನು ತೆರೆಯಿತು. ಯಾವ ಜಿಲ್ಲೆಯಲ್ಲಿ ಎಂಬುದು ಪ್ರಾಂತ ಸರಕಾರದ ಇಷ್ಟ. ಜೂರಿಯಿಲ್ಲದೆಡೆಗಳಲ್ಲಿ ಅಸೆಸರರೆಂಬವರು ಕುಳಿತುಕೊಳ್ಳುತ್ತಿದ್ದರು. ಇವರು ಅಭಿಪ್ರಾಯವನ್ನು ಹೇಳಬೇಕು; ನ್ಯಾಯಾಧೀಶನು ಅದನ್ನು ಕೇಳಬೇಕು; ಒಪ್ಪಲೇಬೇಕೆಂದೇನೂ ಇಲ್ಲ. 1898ರ ಸಂಹಿತೆಯ ಪ್ರಕಾರ ಇಪ್ಪತ್ತೊಂದರಿಂದ ಅರುವತ್ತು ವರ್ಷದೊಳಗಿನ ಪುರುಷರೆಲ್ಲರೂ ಈ ಸೇವೆಗೆ ಬಾಧ್ಯರು. ಸ್ತ್ರೀಯರ ಮಾತನ್ನು ಸ್ಮೃತಿಯೂ ಎತ್ತಿರಲಿಲ್ಲ, ಸಂಹಿತೆಯೂ ಎತ್ತಲಿಲ್ಲ. ಪುರೋಹಿತರಿಗೂ ವೈದ್ಯರಿಗೂ ವಕೀಲರಿಗೂ ಅಂಚೆ ತಂತಿಯ ನೌಕರರಿಗೂ ವಿನಾಯಿತಿಯುಂಟು. ಸೆಷನ್ಸ್ ನ್ಯಾಯಾಧೀಶನೂ ಕಲೆಕ್ಟರನೂ ಸೇರಿ ಪಟ್ಟಿಯನ್ನು ಬರೆಯುವರು; ಸಮನ್ಸು ಬಂದ ಮೇಲೆ ಹಾಜರಾಗದವನಿಗೆ ಜುಲ್ಮಾನೆ. ಹೈಕೋರ್ಟಿನಲ್ಲಿ ಜೂರಿಯವರು ಒಂಬತ್ತು ಜನ. ಜಿಲ್ಲೆಗಳಲ್ಲಿ ಒಂಬತ್ತನ್ನು ಮೀರದ ವಿಷಮಸಂಖ್ಯೆ. ಬೃಹಸ್ಪತಿಯು ಕೇಳಿದ್ದರೆ ಸಂತೋಷಪಡುತ್ತಿದ್ದನು.

ಪಟ್ಟಿಯಲ್ಲಿ ಯಾರ ಹೆಸರಿದೆ ಎಂಬುದೇ ಎಲ್ಲಕ್ಕೂ ಮೂಲವೆಂಬುದನ್ನು ಲೋಕಮಾನ್ಯ ಬಾಲಗಂಗಾಧರ ತಿಲಕರ ಎರಡು ವಿಚಾರಣೆಗಳು ತೋರಿಸಿಕೊಟ್ಟುವು. ಹೈಕೋರ್ಟಿನಲ್ಲಿ ಜೂರಿಯವರು ಒಮ್ಮತವಾಗದಿದ್ದರೆ, ಆರು ಜನರಾದರೂ ಒಂದು ಪಕ್ಷದಲ್ಲಿದ್ದು ನ್ಯಾಯಾಧೀಶನೂ ಅವರೊಡನೆ ಒಪ್ಪಬೇಕೆಂಬುದು ನಿಯಮ. 1897ರ ಸೆಪ್ಟೆಂಬರಿನಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಸ್ಟ್ರೇಚಿಯವರ ಮುಂದೆ ರಾಜದ್ರೋಹದ ವಿಚಾರಣೆ ನಡೆದಾಗ ಜೂರಿಯಲ್ಲಿ ಆರು ಯುರೋಪಿಯನ್ನರು, ಮೂವರು ಹಿಂದೀಯರು. ಆರು ಜನರು ದೋಷಿಯೆಂದರು, ಮೂವರು ನಿರ್ದೋಷಿಯೆಂದರು. ಒಂದು ಮತವು ಈಚೆಗೆ ಸರಿದಿದ್ದರೂ ಅಂದು ಶಿಕ್ಷೆಯಾಗುವಂತಿರಲಿಲ್ಲ. ತಿಲಕರಿಗೆ ಹದಿನೆಂಟು ತಿಂಗಳ ಕಠಿಣ ಸಜೆಯಾಯಿತು.

1908ರ ಜುಲೈಯಲ್ಲಿ ಮತ್ತೆ ಅದೇ ಕೋರ್ಟು. ಮೊದಲನೆಯ ಮೊಕದ್ದಮೆಯಲ್ಲಿ ತಿಲಕರನ್ನು ಜಾಮೀನಿನ ಮೇಲೆ ಬಿಡಬೇಕೆಂದು ವಾದಿಸಿದ್ದ ದಾವರ ಅವರೇ ಈಗ ನ್ಯಾಯಾಸನದಲ್ಲಿದ್ದರು. ಆರೋಪಕ್ಕೆ ಗುರಿಯಾದುವು ಕೇಸರಿಯ ಮರಾಠಿ ಲೇಖನಗಳು. ಮರಾಠಿಯನ್ನು ಬಲ್ಲವರು ಸಾಕಷ್ಟಿರುವ ಜೂರಿ ಬೇಕೆಂಬ ಬೇಡಿಕೆಯು ಫಲಿಸಲಿಲ್ಲ. ಏಳು ಜನ ಯುರೋಪಿಯನ್ನರೂ ಇಬ್ಬರು ಪಾರಸಿಗಳೂ ಕುಳಿತರು. ಒಂದು ಶಬ್ದದ ಧ್ವನಿಯಿಂದ ಬರೆದವನ ಮನಸ್ಸನ್ನು ಅಳೆಯಬೇಕಾದ ಸ್ಥಳದಲ್ಲಿ, ಆ ಭಾಷೆಯನ್ನೇ ಅರಿಯದವರು ಸರಕಾರದ ಭಾಷಾಂತರವನ್ನು ಹಿಡಿದು ಅಳೆಯಬೇಕಾಯಿತು. ತಿಲಕರು ತಮ್ಮ ವಾದವನ್ನು ತಾವೇ ಮಂಡಿಸಿ, ದಿನದ ಮೇಲೆ ದಿನ, ಒಟ್ಟು ಇಪ್ಪತ್ತೊಂದು ಘಂಟೆಗಳಿಗೂ ಮೀರಿ ಮಾತನಾಡಿದರು. ಅದರಲ್ಲಿ ಬಹುಭಾಗವು ಯಾವ ಪದಕ್ಕೆ ಯಾವ ಅರ್ಥವೆಂಬ ವಿಚಾರವೇ. ಕಾವ್ಯದ ಒಂದು ಪದವನ್ನು ಬೇರೊಂದು ಭಾಷೆಗೆ ತರಲು ಹೆಣಗಿದವರೆಲ್ಲರೂ ಆ ಶ್ರಮವನ್ನು ಊಹಿಸಬಲ್ಲರು. 22ನೆಯ ತಾರೀಖಿನ ರಾತ್ರಿ ಏಳು ಜನರು ದೋಷಿಯೆಂದೂ ಇಬ್ಬರು ನಿರ್ದೋಷಿಯೆಂದೂ ನಿರ್ಣಯಿಸಿದರು. ಆರು ವರ್ಷ ದ್ವೀಪಾಂತರವಾಸ, ಸಾವಿರ ರೂಪಾಯಿ ಜುಲ್ಮಾನೆ. ಮರುದಿನ ತಿಲಕರ ಹುಟ್ಟಿದ ದಿನ. ಮುಂಬಯಿಯ ಗಿರಣಿ ಕೆಲಸಗಾರರು ಆರು ದಿನ ಕೆಲಸವನ್ನು ನಿಲ್ಲಿಸಿದರು. ಮಂಡಾಲೆಯ ಸೆರೆಯಲ್ಲಿ ಹುಟ್ಟಿದ ಗೀತಾರಹಸ್ಯವನ್ನು ಆಲೂರು ವೆಂಕಟರಾಯರು ಕನ್ನಡಿಸಿದರು. ಜೂರಿಯ ನಿರ್ಣಯಕ್ಕಿಂತ ಮೇಲಾದ ಶಕ್ತಿಗಳುಂಟೆಂದು ತಿಲಕರು ಅಂದು ಆಡಿದ ಮಾತು 1956ರಿಂದ ಅದೇ ಹೈಕೋರ್ಟಿನ ಗೋಡೆಯ ಶಿಲೆಯಲ್ಲಿದೆ. ಭಾಷೆಯರಿಯದವನನ್ನು ತೀರ್ಪಿಗೆ ಕೂರಿಸಿದ ದೋಷವು ಜೂರಿ ಎಂಬ ಪದ್ಧತಿಯದೋ, ಪಟ್ಟಿ ಬರೆದ ಕೈಯದೋ? ಎರಡನೆಯದೆಂದೇ ಹೇಳಬೇಕು. ಆದರೆ ಜನರ ಮನಸ್ಸಿನಲ್ಲಿ ಅಪಕೀರ್ತಿಯು ಪದ್ಧತಿಗೆ ತಟ್ಟಿತು.

ಸ್ವಾತಂತ್ರ್ಯಾನಂತರ ಅದನ್ನು ಶೋಧಿಸಿ ಉಳಿಸಿಕೊಳ್ಳುವ ಉತ್ಸಾಹವು ಹೆಚ್ಚಾಗಿ ಕಾಣಲಿಲ್ಲ. ಅಸೆಸರರು 1955ರ ತಿದ್ದುಪಡಿಯಿಂದ ಹೋದರು. 1958ರಲ್ಲಿ ಕಾನೂನು ಆಯೋಗವು ತನ್ನ ಹದಿನಾಲ್ಕನೆಯ ವರದಿಯಲ್ಲಿ ಜೂರಿಯನ್ನೂ ತೆಗೆಯುವುದೇ ಲೇಸೆಂದಿತು. ಇದಾದ ಮರುವರ್ಷ ನೌಕಾಧಿಕಾರಿ ನಾನಾವತಿಯ ಮೊಕದ್ದಮೆ ನಡೆಯಿತು. ಪತ್ರಿಕೆಗಳು ಪಕ್ಷ ಕಟ್ಟಿದುವು, ಬೀದಿಯಲ್ಲಿ ಜನ ನೆರೆದರು. ಮುಂಬಯಿಯ ಸೆಷನ್ಸ್ ಕೋರ್ಟಿನ ಒಂಬತ್ತು ಜನ ಜೂರಿಯಲ್ಲಿ ಎಂಟು ಜನರು ಕೊಲೆಯ ಆರೋಪಿಯನ್ನು ನಿರ್ದೋಷಿಯೆಂದರು. ನ್ಯಾಯಾಧೀಶನು ಒಪ್ಪದೆ ಹೈಕೋರ್ಟಿಗೆ ಕಳುಹಿಸಿದನು. ಅಲ್ಲಿ 1960ರಲ್ಲಿ ಯಾವಜ್ಜೀವ ಶಿಕ್ಷೆಯಾಯಿತು. 1961ರಲ್ಲಿ ಸುಪ್ರೀಂ ಕೋರ್ಟು ಅದನ್ನು ಸ್ಥಿರಪಡಿಸಿತು. ಈ ಒಂದು ಮೊಕದ್ದಮೆಯಿಂದಲೇ ಜೂರಿಯು ಅಳಿಯಿತೆಂಬ ಮಾತು ಈಗಲೂ ಕೇಳಿಬರುತ್ತದೆ. ಅದು ಸರಿಯಲ್ಲ, ಮರವು ಒಣಗಿದ ಮೇಲೆ ಬೀಸಿದ ಗಾಳಿ ಅದು. ಹಾಗೂ ಹೀಗೂ ಕೆಲವೆಡೆ ಉಳಿದಿದ್ದ ಜೂರಿಗೆ 1974ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದ 1973ರ ದಂಡಪ್ರಕ್ರಿಯಾ ಸಂಹಿತೆಯು ಸ್ಥಾನವನ್ನೇ ಕೊಡಲಿಲ್ಲ.

ಒಂದು ಮೂಲೆಯಲ್ಲಿ ಮಾತ್ರ ಅದರ ಅವಶೇಷವುಂಟು. ಪಾರಸಿಗಳ ವಿವಾಹ ವಿಚ್ಛೇದನಗಳ 1936ರ ಶಾಸನದ ಪ್ರಕಾರ ಅವರ ವಿವಾಹವ್ಯಾಜ್ಯಗಳಲ್ಲಿ ನ್ಯಾಯಾಧೀಶನೊಡನೆ ಆ ಸಮುದಾಯದ ಪ್ರತಿನಿಧಿಗಳು ಕುಳಿತು ಸಂಗತಿಯನ್ನು ಬಹುಮತದಿಂದ ನಿರ್ಣಯಿಸುತ್ತಾರೆ. ಮೊದಲು ಅವರು ಏಳು ಜನರಿದ್ದರು. 1988ರ ತಿದ್ದುಪಡಿಯಿಂದ ಐವರಾದರು.