ಫಿಫ್ತ್‌ವೀಲ್ ಕೊಂಡಿಯ ಬೀಗ (ಇತಿಹಾಸ)

ಟ್ರೈಲರ್‌ನ ಮೂತಿಯ ಭಾರವನ್ನು ಎಳೆಯುವ ವಾಹನದ ಹಿಂದಿನ ಆಕ್ಸಲ್ ಮೇಲೆ ಹೊರಿಸುವ ಜೋಡಣೆಯೇ ಫಿಫ್ತ್‌ವೀಲ್ ಕೊಂಡಿ. ಮೂತಿಯ ಅಡಿಯಿಂದ ಕೆಳಕ್ಕೆ ಚಾಚಿದ ಕಿಂಗ್‌ಪಿನ್ ಎಂಬ ಉಕ್ಕಿನ ಗೂಟವು ಟ್ರಕ್ ಮೇಲಿನ ತಟ್ಟೆಯ ಸೀಳಿನೊಳಗೆ ಹಿಂದಿನಿಂದ ಬಂದು ಕೂರುತ್ತದೆ. ತಟ್ಟೆಯ ಅಡಿಯಲ್ಲಿರುವ ದವಡೆಗಳು ಗೂಟದ ಕುತ್ತಿಗೆಯನ್ನು ಕಚ್ಚಿ ಹಿಡಿಯುತ್ತವೆ. ಬಂದರುಗಳಿಂದ ಕಂಟೇನರ್ ಹೊತ್ತು ಹೆದ್ದಾರಿಗಿಳಿಯುವ ಲಾರಿಗಳಲ್ಲಿ ಇರುವುದೂ ಇದೇ ಏರ್ಪಾಡು. ಅಮೆರಿಕ ಮತ್ತು ಕೆನಡಾದಲ್ಲಿ ಪಿಕಪ್ ಟ್ರಕ್‌ನ ಹಿಂಬದಿಯ ತೊಟ್ಟಿಯಲ್ಲಿ ಇದೇ ತಟ್ಟೆಯ ಸಣ್ಣ ರೂಪವನ್ನು ಕೂರಿಸಿ, ವಾಸಕ್ಕೆ ಸಜ್ಜಾದ ಪ್ರವಾಸಿ ಟ್ರೈಲರ್‌ಗಳನ್ನು ಎಳೆಯುತ್ತಾರೆ. ದವಡೆ ಸರಿಯಾಗಿ ಕಚ್ಚಿರದಿದ್ದರೆ ಟ್ರಕ್ ಮುಂದೆ ಸರಿದಾಗ ಗೂಟ ಜಾರಿ, ಟ್ರೈಲರ್‌ನ ಮೂತಿ ತೊಟ್ಟಿಯ ಮೇಲೆ ಬೀಳುತ್ತದೆ. ಈ ಬೀಳುವಿಕೆಯನ್ನು ತಡೆಯಲು ಕಾಲಕಾಲಕ್ಕೆ ಏನೇನು ಮಾಡಲಾಯಿತು ಎಂಬುದು ಈ ಲೇಖನದ ವಿಷಯ.

ಮೂಲದ ಪ್ರಶ್ನೆ

ಕೊಂಡಿಯನ್ನು ಮೊದಲು ಮಾಡಿದವರು ಯಾರು ಎಂಬುದರಲ್ಲಿ ಆಕರಗಳು ಒಮ್ಮತಕ್ಕೆ ಬಂದಿಲ್ಲ. ಕುದುರೆ ಗಾಡಿಗಳ ಮುಂದಿನ ಆಕ್ಸಲ್ ತಿರುಗಲು ಅಡ್ಡಲಾಗಿ ಇಟ್ಟ ಬಳೆಯಿಂದ ಹೆಸರು ಬಂತು ಎಂಬುದರಲ್ಲಿ ವಿವಾದವಿಲ್ಲ. ಮೋಟಾರು ಯುಗಕ್ಕೆ ಬಂದರೆ ಮೂರು ಹಕ್ಕುಗಳು ಎದುರಾಗುತ್ತವೆ. 1890ರ ದಶಕದ ಕೊನೆಯಲ್ಲಿ ಕ್ಲೀವ್‌ಲ್ಯಾಂಡ್‌ನ ಅಲೆಕ್ಸಾಂಡರ್ ವಿಂಟನ್ ತಾನು ತಯಾರಿಸಿದ ಕಾರುಗಳನ್ನು ಗಿರಾಕಿಗಳಿಗೆ ತಲುಪಿಸಲು, ಮುಂಭಾಗ ಮತ್ತೊಂದು ಕಾರಿನ ಹಿಂಬದಿಯ ಮೇಲೆ ಆತುಕೊಳ್ಳುವ ಗಾಡಿಯನ್ನು ಮಾಡಿಸಿದ. 1914ರಲ್ಲಿ ಡೆಟ್ರಾಯಿಟ್‌ನ ಕಮ್ಮಾರ ಆಗಸ್ಟ್ ಫ್ರೂಹಾಫ್, ಮರದ ವ್ಯಾಪಾರಿ ಫ್ರೆಡರಿಕ್ ಸಿಬ್ಲಿಯ ದೋಣಿಯನ್ನು ಫೋರ್ಡ್ ಮಾಡೆಲ್ ಟಿ ಕಾರಿನಿಂದ ಎಳೆಸಲು ಒಂದು ಗಾಡಿ ಕಟ್ಟಿಕೊಟ್ಟು ಅದನ್ನು ಸೆಮಿ-ಟ್ರೈಲರ್ ಎಂದು ಕರೆದ. ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಚಾರ್ಲ್ಸ್ ಮಾರ್ಟಿನ್ ನಾಕ್ಸ್ ಕಂಪನಿಯ ಮೂರು ಚಕ್ರದ ಟ್ರ್ಯಾಕ್ಟರ್‌ಗೆ ಹೊಂದಿಸಿದ, ಹಿಂದಕ್ಕೂ ಮುಂದಕ್ಕೂ ಓಲಾಡುವ ತಟ್ಟೆ ‘ಮಾರ್ಟಿನ್ ರಾಕಿಂಗ್ ಫಿಫ್ತ್‌ವೀಲ್’ ಎಂದು ಮಾರಾಟವಾಯಿತು. ಮೊದಲ ಸೆಮಿ-ಟ್ರೈಲರ್ ವಿಂಟನ್‌ನದು, ಅದನ್ನು ಉದ್ಯಮವಾಗಿ ಬೆಳೆಸಿದ್ದು ಫ್ರೂಹಾಫ್, ಇಂದಿನ ಕೊಂಡಿಗೆ ನೇರ ಪೂರ್ವಜವಾದದ್ದು ಮಾರ್ಟಿನ್‌ನ ತಟ್ಟೆ ಎಂದು ವಿಂಗಡಿಸಿಕೊಂಡರೆ ಗೊಂದಲ ಬಹುಮಟ್ಟಿಗೆ ತಿಳಿಯಾಗುತ್ತದೆ. ಮೂರನ್ನೂ ಒಂದೇ ಆವಿಷ್ಕಾರವೆಂದು ಎಣಿಸಿದ್ದರಿಂದಲೇ ಜಗಳ ಹುಟ್ಟಿತು.

ಬೀಗದ ಚರಿತ್ರೆ ಇದಕ್ಕಿಂತ ತಡವಾಗಿ ಆರಂಭವಾಗುತ್ತದೆ. ಮೊದಲ ಟ್ರೈಲರ್‌ಗಳನ್ನು ದಿನವೂ ಬಿಚ್ಚಿ ಕಟ್ಟುವ ಪದ್ಧತಿ ಇರಲಿಲ್ಲ. ಒಂದು ಟ್ರ್ಯಾಕ್ಟರ್ ಹಲವು ಟ್ರೈಲರ್‌ಗಳನ್ನು ಸರದಿಯಂತೆ ಎಳೆದರೆ ಲಾಭವೆಂದು ಸಾಗಣೆದಾರರು ಕಂಡುಕೊಂಡಾಗ ತಾನಾಗಿ ಕಚ್ಚಿಕೊಳ್ಳುವ ಕೊಂಡಿ ಬೇಕಾಯಿತು. ಫ್ರೂಹಾಫ್ ಕಂಪನಿ 1926ರಲ್ಲಿ ಅಂಥದ್ದನ್ನು ಹೊರತಂದಿತು. ಬ್ರಿಟನ್ನಿನಲ್ಲಿ 1930ರ ದಶಕದಲ್ಲಿ ರೈಲ್ವೆ ಕಂಪನಿಗಳ ಕುದುರೆಗಳಿಗೆ ಬದಲಾಗಿ ಬಂದ ಸ್ಕ್ಯಾಮೆಲ್ ‘ಮೆಕ್ಯಾನಿಕಲ್ ಹಾರ್ಸ್’ ಎಂಬ ಮೂರು ಚಕ್ರದ ವಾಹನ ಹಿಮ್ಮುಖವಾಗಿ ಬಂದು ಟ್ರೈಲರ್‌ಗೆ ತಗುಲಿದರೆ ಸಾಕು, ಕೊಕ್ಕೆ ಬಿದ್ದು ಟ್ರೈಲರ್‌ನ ಮುಂಗಾಲುಗಳು ಮಡಚಿಕೊಳ್ಳುತ್ತಿದ್ದವು. ಚಾಲಕ ಕೆಳಗಿಳಿಯಬೇಕಿರಲಿಲ್ಲ. ಕೆಲಸ ಹಗುರಾಯಿತು, ನಿಜ. ಆದರೆ ಬೀಗ ಬಿದ್ದಿದೆಯೇ ಎಂದು ಕಣ್ಣಾರೆ ನೋಡುವ ಅಭ್ಯಾಸಕ್ಕೆ ಪೆಟ್ಟು ಬಿದ್ದದ್ದೂ ಇಲ್ಲಿಂದಲೇ ಎಂಬುದು ಈ ಲೇಖಕನ ಅಭಿಪ್ರಾಯ.

ಪಿಕಪ್ ಟ್ರಕ್‌ಗೆ ಬಂದ ಬಗೆ

ಪ್ರವಾಸಿ ಟ್ರೈಲರ್‌ಗೆ ಈ ಜೋಡಣೆಯನ್ನು ತಂದ ಕೀರ್ತಿ ವಿಮಾನ ನಿರ್ಮಾಪಕ ಗ್ಲೆನ್ ಕರ್ಟಿಸ್‌ಗೆ ಸಲ್ಲುತ್ತದೆ. 1920ರ ದಶಕದ ಕೊನೆಯಲ್ಲಿ ಫ್ಲಾರಿಡಾದಲ್ಲಿ ತಯಾರಾದ ಅವನ ‘ಏರೋಕಾರ್’ ಟ್ರೈಲರ್‌ನ ಗೂಟವು ಕಾರಿನ ಹಿಂಬದಿಯಲ್ಲಿ ಅಡ್ಡಲಾಗಿ ಮಲಗಿಸಿದ ವಿಮಾನದ ಟೈರಿನ ನಡುವೆ ಇಳಿಯುತ್ತಿತ್ತು. ರಸ್ತೆಯ ಕುಲುಕಾಟವನ್ನು ಟೈರಿನೊಳಗಿನ ಗಾಳಿ ಹೀರಿಕೊಳ್ಳುತ್ತಿತ್ತು. ಕರ್ಟಿಸ್ 1930ರಲ್ಲಿ ತೀರಿಕೊಂಡ. ಯುದ್ಧಾನಂತರ, ಮುಖ್ಯವಾಗಿ 1970ರ ದಶಕದಲ್ಲಿ, ಪಿಕಪ್ ಟ್ರಕ್‌ಗಳು ಮನೆಮನೆಗೆ ಬಂದಾಗ ಫಿಫ್ತ್‌ವೀಲ್ ಪ್ರವಾಸಿ ಟ್ರೈಲರ್ ಜನಪ್ರಿಯವಾಯಿತು. ಇಂಡಿಯಾನಾದ ಎಲ್ಕಾರ್ಟ್ ಪಟ್ಟಣ ಈ ಉದ್ಯಮದ ರಾಜಧಾನಿಯಾಗಿ ಬೆಳೆಯಿತು.

ಲಾರಿಯಲ್ಲಿ ತಟ್ಟೆಯ ಸುತ್ತ ಬಯಲು ಚೌಕಟ್ಟಿದೆ. ಪಿಕಪ್‌ನಲ್ಲಿ ತಟ್ಟೆ ಇರುವುದು ತೊಟ್ಟಿಯ ಒಳಗೆ, ಎರಡೂ ಕಡೆ ತಗಡಿನ ಬದಿಗೋಡೆಗಳ ನಡುವೆ. ಬದಿಗೋಡೆಯ ಮೇಲಂಚಿಗೂ ಟ್ರೈಲರ್‌ನ ಹೊಟ್ಟೆಗೂ ನಡುವೆ ಸುಮಾರು 6 ಇಂಚು ಅಂತರ ಇರಲಿ ಎಂಬುದು ರೂಢಿಯ ಸಲಹೆ. ಟ್ರೈಲರ್‌ನ ಒಟ್ಟು ತೂಕದ ಶೇಕಡಾ 15ರಿಂದ 25ರಷ್ಟು ಗೂಟದ ಮೇಲಿರುತ್ತದೆ. 5 ಟನ್ನಿನ ಟ್ರೈಲರ್ ಆದರೆ ಮುಕ್ಕಾಲು ಟನ್ನಿನಿಂದ ಒಂದೂಕಾಲು ಟನ್ನಿನವರೆಗಿನ ಭಾರ ಆರು ಇಂಚು ಎತ್ತರದಿಂದ ತಗಡಿನ ಮೇಲೆ ಬಿದ್ದಂತೆ. ಬದಿಗೋಡೆಗಳು ಮಡಚುತ್ತವೆ, ಮುಚ್ಚಿದ್ದರೆ ಹಿಂಬಾಗಿಲು ಮುರಿಯುತ್ತದೆ, ಟ್ರೈಲರ್‌ನ ಮೂತಿಯ ಚೌಕಟ್ಟೂ ಬಾಗಬಹುದು. ನಡುವೆ ಕೈ ಇಟ್ಟವರ ಗತಿಯನ್ನು ಹೇಳಬೇಕಾಗಿಲ್ಲ.

‘ಮೇಲೆ ಕೂತ’ ಗೂಟ

ಹಳೆಯ ಬರಹಗಳು ಇಂಥ ಘಟನೆಗಳಿಗೆ ‘ಬೀಗ ಬಿಟ್ಟುಕೊಂಡಿತು’ ಎಂದು ಒಂದೇ ಕಾರಣ ಕೊಡುತ್ತವೆ. ತಯಾರಕರ ಕೈಪಿಡಿಗಳನ್ನೂ ಚಾಲಕರ ತರಬೇತಿ ಪುಸ್ತಕಗಳನ್ನೂ ಕೂಡಿಸಿ ಓದಿದರೆ ಬೇರೆಯದೇ ಕಾಣುತ್ತದೆ: ಅವು ಮತ್ತೆ ಮತ್ತೆ ಎಚ್ಚರಿಸುವುದು ಬೀಗ ಮೊದಲಿಗೇ ಬಿದ್ದಿರದ ಸ್ಥಿತಿಯ ಬಗ್ಗೆ. ಪ್ರವಾಸಿ ಟ್ರೈಲರ್‌ನ ಕಿಂಗ್‌ಪಿನ್‌ನ ಕುತ್ತಿಗೆ 2 ಇಂಚು ದಪ್ಪ. ಅದರ ಕೆಳಗಿನ ತಲೆ ಇನ್ನೂ ಅಗಲ. ಟ್ರೈಲರ್ ತುಸು ಎತ್ತರದಲ್ಲಿದ್ದಾಗ ಟ್ರಕ್ಕನ್ನು ಹಿಮ್ಮುಖವಾಗಿ ತಂದರೆ ಕುತ್ತಿಗೆಯ ಬದಲು ಈ ತಲೆಯೇ ದವಡೆಯ ಮಟ್ಟಕ್ಕೆ ಬಂದು ನಿಲ್ಲುತ್ತದೆ, ಇಲ್ಲವೇ ದವಡೆಯ ಮೇಲೇ ಕೂತುಬಿಡುತ್ತದೆ. ದೂರದಿಂದ ನೋಡಿದವರಿಗೆ ಟ್ರೈಲರ್ ಸರಿಯಾಗಿ ಕೂತಂತೆಯೇ ಕಾಣುತ್ತದೆ. ಮುಂಗಾಲು ಎತ್ತಿ ಹೊರಟರೆ ಮೊದಲ ಏರಿನಲ್ಲೋ ಮೊದಲ ಸಿಗ್ನಲ್‌ನಲ್ಲೋ ಗೂಟ ಹಿಂದಕ್ಕೆ ಜಾರುತ್ತದೆ.

ಇನ್ನೊಂದು ಕಾರಣ ಸಣ್ಣದು, ಆದರೆ ಕಣ್ಣಿಗೆ ಬೀಳುವುದು ಕಷ್ಟ. ಗ್ರೀಸ್ ಮೆತ್ತುವ ರಗಳೆ ಬೇಡವೆಂದು ಹಲವರು ಗೂಟದ ಬುಡಕ್ಕೆ ಪ್ಲಾಸ್ಟಿಕ್ ಬಿಲ್ಲೆ ಏರಿಸುತ್ತಾರೆ. ಬಿಲ್ಲೆ ದಪ್ಪವಾದಷ್ಟೂ ಗೂಟ ತಟ್ಟೆಯೊಳಗೆ ಇಳಿಯುವ ಆಳ ಕಡಿಮೆಯಾಗುತ್ತದೆ. ಕೆಲವು ಕೊಂಡಿಗಳಲ್ಲಿ ಅಷ್ಟರಿಂದಲೇ ದವಡೆ ಪೂರ್ತಿ ಮುಚ್ಚದೆ ಉಳಿಯಬಹುದು. ಆದ್ದರಿಂದ ಬಿಲ್ಲೆಯ ದಪ್ಪವನ್ನು ಕೊಂಡಿಯ ಕೈಪಿಡಿಯೊಂದಿಗೆ ತಾಳೆ ನೋಡಬೇಕಾಗುತ್ತದೆ.

ಕಾನೂನು ಮತ್ತು ಪರವಾನಗಿ

ವಾಣಿಜ್ಯ ವಾಹನಗಳ ಮಟ್ಟಿಗೆ ಅಮೆರಿಕದ ಒಕ್ಕೂಟದ ನಿಯಮ 393.70 ಸ್ಪಷ್ಟವಾಗಿದೆ. ಫಿಫ್ತ್‌ವೀಲ್‌ಗೆ ಬೀಗ ಇರಲೇಬೇಕು. ಕೈಯಿಂದ ಬಿಡಿಸಿದ ಹೊರತು ಅದು ಬಿಡಬಾರದು. ಬಿಚ್ಚಿ ಕಟ್ಟುವ ಬಗೆಯದಾದರೆ ಜೋಡಣೆಯಾದಾಗ ತಾನಾಗಿಯೇ ಬೀಳಬೇಕು. 1986ರ ವಾಣಿಜ್ಯ ಮೋಟಾರು ವಾಹನ ಸುರಕ್ಷತಾ ಕಾಯ್ದೆ ಚಾಲಕನನ್ನು ಕುರಿತದ್ದು. 1992ರ ಏಪ್ರಿಲ್‌ನಿಂದ ಭಾರಿ ವಾಹನಗಳಿಗೆ ಹೊಸ ಪರವಾನಗಿ ಕಡ್ಡಾಯವಾಯಿತು. ಅದರ ಪರೀಕ್ಷೆಗೆ ಓದಬೇಕಾದ ಕೈಪಿಡಿಯಲ್ಲಿ ಜೋಡಣೆಯ ಕ್ರಮ ವಿವರವಾಗಿದೆ: ಟ್ರಕ್ ಅಡಿಗೆ ಬಂದಾಗ ಟ್ರೈಲರ್ ಕೊಂಚ ಮೇಲೇಳುವಷ್ಟು ತಗ್ಗಿನಲ್ಲಿರಬೇಕು, ತಟ್ಟೆಗೂ ಟ್ರೈಲರ್‌ಗೂ ನಡುವೆ ಸಂದು ಕಾಣಬಾರದು, ದವಡೆಗಳು ಗೂಟದ ಕುತ್ತಿಗೆಯನ್ನೇ ಸುತ್ತಿವೆಯೇ ಎಂದು ಕೆಳಗಿಳಿದು, ಬೇಕಿದ್ದರೆ ಟಾರ್ಚ್ ಹಿಡಿದು, ನೋಡಬೇಕು.

ಈ ಶಿಸ್ತು ಪ್ರವಾಸಿಗರ ತನಕ ತಲುಪಲಿಲ್ಲ. ಸ್ವಂತ ಬಳಕೆಯ ಪ್ರವಾಸಿ ವಾಹನಗಳಿಗೆ ರಾಜ್ಯಗಳು ಸಾಮಾನ್ಯವಾಗಿ ವಾಣಿಜ್ಯ ಪರವಾನಗಿಯಿಂದ ವಿನಾಯಿತಿ ಕೊಟ್ಟವು. ನಿವೃತ್ತರಾಗಿ ಟ್ರೈಲರ್ ಕೊಂಡ ದಂಪತಿ ಅದನ್ನು ಎಳೆಯಲು ಕಲಿತದ್ದು ಅಂಗಡಿಯವನ ಅರ್ಧ ಗಂಟೆಯ ವಿವರಣೆಯಿಂದ, ಇಲ್ಲವೇ ಪಕ್ಕದ ಬಿಡಾರದವರಿಂದ. ಕ್ಯಾಲಿಫೋರ್ನಿಯಾ ಭಾಗಶಃ ಅಪವಾದ: 10,000 ಪೌಂಡ್ ಮೀರಿದ, 15,000 ಪೌಂಡ್ ಒಳಗಿನ ಫಿಫ್ತ್‌ವೀಲ್ ಪ್ರವಾಸಿ ಟ್ರೈಲರ್ ಎಳೆಯುವವರು ಅಲ್ಲಿ ಲಿಖಿತ ಪರೀಕ್ಷೆ ಬರೆದು ಪರವಾನಗಿಗೆ ಹೆಚ್ಚುವರಿ ಅನುಮತಿ ಪಡೆಯಬೇಕು. ವಾಣಿಜ್ಯ ಚಾಲಕರಿಗೂ ಪ್ರವಾಸಿಗರಿಗೂ ನಡುವಿನ ಈ ಅಂತರವನ್ನು ಇತಿಹಾಸಗಳು ಗಮನಿಸಿದ್ದು ಕಡಿಮೆ. ಒಂದೇ ಬಗೆಯ ಕೊಂಡಿ, ಒಂದೇ ಬಗೆಯ ಅಪಾಯ. ಒಂದು ಕಡೆ ಪರೀಕ್ಷೆ ಉಂಟು, ಇನ್ನೊಂದು ಕಡೆ ಇಲ್ಲ.

ಸುರಕ್ಷತಾ ಸರಪಳಿಯ ವಿಷಯದಲ್ಲೂ ಆಕರಗಳಲ್ಲಿ ಕಲಸುಮೇಲೋಗರ ಇದೆ. ಬಂಪರ್ ಹಿಂದೆ ಕಟ್ಟುವ ಟ್ರೈಲರ್‌ಗೆ ಸರಪಳಿ ಬೇಕು. ಗುಂಡುತಲೆಯ ಮೇಲೆ ಕೂರುವ ಗೂಸ್‌ನೆಕ್ ಟ್ರೈಲರ್‌ಗೂ ಹಲವು ರಾಜ್ಯಗಳು ಕೇಳುತ್ತವೆ. ಫಿಫ್ತ್‌ವೀಲ್‌ಗೆ ಸಾಮಾನ್ಯವಾಗಿ ಕೇಳುವುದಿಲ್ಲ. ತಿರುವಿನಲ್ಲಿ ಅಡ್ಡಿಯಾಗದಷ್ಟು ಸಡಿಲವಾಗಿ ಕಟ್ಟಿದ ಸರಪಳಿ ಟ್ರೈಲರ್ ಓಡಿಹೋಗುವುದನ್ನು ತಡೆದೀತು, ಮೂತಿ ಆರು ಇಂಚು ಬೀಳುವುದನ್ನು ತಡೆಯದು. ಟ್ರೈಲರ್ ಕಳಚಿದರೆ ಸ್ವಿಚ್ಚಿನ ಗೂಟ ಕಿತ್ತು ಬ್ರೇಕ್ ಹಾಕಿಸುವ ತಂತಿಯ ಕತೆಯೂ ಅಷ್ಟೇ: ಅದು ಟ್ರೈಲರನ್ನು ನಿಲ್ಲಿಸುತ್ತದೆ, ಎತ್ತಿ ಹಿಡಿಯುವುದಿಲ್ಲ.

ತಡೆಯುವ ಕ್ರಮ, ಹಿಡಿಯುವ ಸಾಧನ

ಎಳೆದು ನೋಡುವ ಪರೀಕ್ಷೆ ಪ್ರವಾಸಿಗರಲ್ಲಿ ನಿಧಾನವಾಗಿ ನೆಲೆಯೂರಿತು. ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟು, ಟ್ರೈಲರ್‌ನ ಬ್ರೇಕನ್ನು ಮಾತ್ರ ಕೈಯಿಂದ ಒತ್ತಿ, ಟ್ರಕ್ಕನ್ನು ಮೆಲ್ಲಗೆ ಮುಂದಕ್ಕೆ ಜಗ್ಗುವುದು. ಬೀಗ ಬಿದ್ದಿದ್ದರೆ ಟ್ರಕ್ ಕದಲದು. ಇಲ್ಲಿ ಎಲ್ಲವೂ ನಿಂತಿರುವುದು ಕ್ರಮದ ಮೇಲೆ. ಮುಂಗಾಲುಗಳು ಇನ್ನೂ ನೆಲಕ್ಕೆ ತಾಗಿರುವಾಗ ಜಗ್ಗಿದರೆ, ಗೂಟ ಜಾರಿದರೂ ಮೂತಿ ಕಾಲಿನ ಮೇಲೆ ನಿಲ್ಲುತ್ತದೆ. ಕಾಲು ಎತ್ತಿದ ಮೇಲೆ ಜಗ್ಗಿದರೆ ಪರೀಕ್ಷೆಯೇ ಅಪಘಾತವಾಗುತ್ತದೆ. ಬಿಚ್ಚುವಾಗಲೂ ಹೀಗೆಯೇ: ಕಾಲು ನೆಲಕ್ಕೆ ಊರಿ ಭಾರ ಹೊತ್ತ ಮೇಲೆಯೇ ಬೀಗ ಬಿಡಿಸುವ ಹಿಡಿಕೆ ಎಳೆಯಬೇಕು.

ಜಾರಿದ ಗೂಟವನ್ನು ನಡುದಾರಿಯಲ್ಲೇ ಹಿಡಿಯುವ ಸಾಧನಗಳು ಬೇರೊಂದು ದಾರಿ ಹಿಡಿದವು. ‘ಬೆಡ್‌ಸೇವರ್’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದದ್ದು ಇವುಗಳಲ್ಲಿ ಪ್ರಸಿದ್ಧ. ಕೊಂಡಿಯ ತಲೆಯ ಹಿಂದೆ ಕಟ್ಟಿದ ಉಕ್ಕಿನ ಕವೆ ಅದು. ತಟ್ಟೆಯಿಂದ ಜಾರಿದ ಗೂಟ ಅದರೊಳಗೆ ಸಿಕ್ಕಿ, ಮೂತಿ ಬದಿಗೋಡೆಗೆ ತಾಗದೆ ಮೇಲೇ ಉಳಿಯುತ್ತದೆ. ಎಲ್ಲ ಕೊಂಡಿಗಳಿಗೂ ಅದು ಹೊಂದುವುದಿಲ್ಲ. ತಪ್ಪು ಆಗಿಯೇ ತೀರುತ್ತದೆ ಎಂದು ಒಪ್ಪಿಕೊಂಡು ಮಾಡಿದ ಸಾಧನಗಳ ಸಾಲಿಗೆ ಇದು ಸೇರುತ್ತದೆ. ಬೀಗವನ್ನು ಇನ್ನಷ್ಟು ದಪ್ಪ ಮಾಡಿದ ಯಾವ ಸುಧಾರಣೆಗಿಂತಲೂ ಇದನ್ನು ದೊಡ್ಡ ತಿರುವೆಂದು ಎಣಿಸುವುದು ನ್ಯಾಯ.

2010ರ ದಶಕದಲ್ಲಿ ಟ್ರಕ್ ತಯಾರಕರು ಕೊಂಡಿ ಕೂರಿಸುವ ನೆಲೆಗಳನ್ನು ಕಾರ್ಖಾನೆಯಲ್ಲೇ ಚೌಕಟ್ಟಿಗೆ ಜೋಡಿಸಿ ಕೊಡತೊಡಗಿದರು. ತೊಟ್ಟಿಯ ಮೇಲಿಂದ ಒಳಗೆ ನೋಡುವ ಕ್ಯಾಮರಾ ಬಂದು, ಗೂಟ ಸೀಳಿಗೆ ಬರುವುದು ಚಾಲಕನಿಗೆ ಕೂತಲ್ಲೇ ಕಾಣತೊಡಗಿತು. ದವಡೆ ಮುಚ್ಚಿತೇ ಎಂಬುದನ್ನು ಮಾತ್ರ ಮೇಲಿನ ಕ್ಯಾಮರಾ ತೋರಿಸಲಾರದು, ಏಕೆಂದರೆ ಅದು ತಟ್ಟೆಯ ಅಡಿಯಲ್ಲಿದೆ. ಭಾರಿ ಲಾರಿಗಳಿಗೆ ಯೋಸ್ಟ್, ಸಾಫ್-ಹಾಲೆಂಡ್ ಮುಂತಾದ ಕಂಪನಿಗಳು ಬೀಗದ ಸ್ಥಿತಿಯನ್ನು ಸಂವೇದಕದಿಂದ ಅರಿತು ದೀಪದ ಮೂಲಕ ತಿಳಿಸುವ ಕೊಂಡಿಗಳನ್ನು ತಂದಿವೆ. ಪಿಕಪ್ ಕೊಂಡಿಗಳಲ್ಲಿ ಹೆಚ್ಚಿನವು ಈಗಲೂ ನೆಚ್ಚಿಕೊಂಡಿರುವುದು ಹಿಡಿಕೆ ನಿಂತ ಜಾಗ, ಬಣ್ಣದ ಗುರುತು ಮತ್ತು ಬೀಗ ಪೂರ್ತಿ ಬಿದ್ದಾಗ ಮಾತ್ರ ತೂರುವ ಒಂದು ಸಣ್ಣ ಪಿನ್ನನ್ನು.