ಅಂಬೇಡ್ಕರ್ ಬಿಟ್ಟ ಸಾಲುಗಳು

'ಜಾತಿ ವಿನಾಶ'ದ ಕೊನೆಯ ಭಾಗದಲ್ಲಿ ಅಂಬೇಡ್ಕರ್ ಅಮೆರಿಕದ ತತ್ತ್ವಜ್ಞಾನಿ ಜಾನ್ ಡ್ಯೂಯಿಯನ್ನು ತಮ್ಮ ಗುರುವೆಂದು ನೆನೆದು, ಅವರ ಮಾತೊಂದನ್ನು ಉದ್ಧರಿಸುತ್ತಾರೆ. ಉದ್ಧರಣೆಯ ನಡುವೆ ಚುಕ್ಕಿಗಳಿವೆ. ಅಲ್ಲಿ ಏನಿತ್ತು, ಯಾಕೆ ಬಿಟ್ಟರು?

ಅಂಬೇಡ್ಕರ್ 1913ರಿಂದ 1916ರವರೆಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು. ಡ್ಯೂಯಿ ಅಲ್ಲೇ ಪ್ರಾಧ್ಯಾಪಕರು. ಅವರ 'ಡೆಮಾಕ್ರಸಿ ಅಂಡ್ ಎಜುಕೇಶನ್' ಹೊರಬಂದದ್ದು 1916ರಲ್ಲಿ. ಅಂಬೇಡ್ಕರರ ಸ್ವಂತ ಪ್ರತಿ, ಅವರು ಹಾಕಿದ ಗುರುತುಗಳ ಸಮೇತ, ಮುಂಬಯಿಯ ಸಿದ್ಧಾರ್ಥ ಕಾಲೇಜಿನಲ್ಲಿದೆ. ವಿದ್ವಾಂಸ ಸ್ಕಾಟ್ ಸ್ಟ್ರೌಡ್ ಅದನ್ನು ವಿವರವಾಗಿ ಪರಿಶೀಲಿಸಿದ್ದಾರೆ. ಅರುಣ್ ಮುಖರ್ಜಿ 2009ರಲ್ಲೇ ಗುರುಶಿಷ್ಯರ ಬರಹಗಳನ್ನು ಹೋಲಿಸಿ ಬರೆದಿದ್ದರು. ನನ್ನ ಹುಡುಕಾಟಕ್ಕೆ ಸಾಕಾದದ್ದು ಅಚ್ಚಾದ ಎರಡೇ ಪುಸ್ತಕ: ಡ್ಯೂಯಿಯದು, ಮತ್ತು ಮಹಾರಾಷ್ಟ್ರ ಸರ್ಕಾರ 1979ರಲ್ಲಿ ತಂದ ಅಂಬೇಡ್ಕರ್ ಬರಹಗಳ ಮೊದಲ ಸಂಪುಟ.

ಅಂಬೇಡ್ಕರ್ ಡ್ಯೂಯಿಯ ಹೆಸರು ಹೇಳದೆ ಪಡೆದದ್ದೂ ಉಂಟು. ಪ್ರಜಾಪ್ರಭುತ್ವವೆಂದರೆ ಬರೀ ಆಡಳಿತ ಪದ್ಧತಿಯಲ್ಲ, ಕೂಡಿ ಬಾಳುವ ರೀತಿ ಎಂಬ ಪ್ರಸಿದ್ಧ ಮಾತು ಡ್ಯೂಯಿಯ ಏಳನೇ ಅಧ್ಯಾಯದ್ದು. 'ಜಾತಿ ವಿನಾಶ'ದಲ್ಲಿ ಅದರ ಬೆನ್ನಿಗೇ ಸಹಮಾನವರ ಬಗೆಗಿನ ಗೌರವದ ಮಾತು ಬರುತ್ತದಲ್ಲ, ಅದು ಡ್ಯೂಯಿಯಲ್ಲಿಲ್ಲ, ಅಂಬೇಡ್ಕರ್ ಸೇರಿಸಿದ್ದು. ಗುಂಪುಗಳ ನಡುವೆ ಅನುಭವ ಒಸರಿ ಹರಿಯಬೇಕೆಂಬ ವಿಚಾರವಂತೂ 'ಎಂಡಾಸ್ಮಾಸಿಸ್' ಎಂಬ ಜೀವಶಾಸ್ತ್ರದ ಪದದ ಸಮೇತ 1919ರ ಸೌತ್‌ಬರೋ ಸಮಿತಿಯ ಮುಂದಿನ ಹೇಳಿಕೆಯಲ್ಲೇ ಇದೆ. ಮತದಾನದ ಹಕ್ಕಿನ ಸಮಿತಿಗೆ ಶಿಕ್ಷಣ ತತ್ತ್ವದ ಪುಸ್ತಕ!

ಇನ್ನು ಆ ಚುಕ್ಕಿಗಳು. ಮೂಲವಿರುವುದು ಡ್ಯೂಯಿಯ ಎರಡನೇ ಅಧ್ಯಾಯದಲ್ಲಿ, ಶಾಲೆಯನ್ನು ಕುರಿತ ಭಾಗದಲ್ಲಿ. ಪ್ರತಿ ಸಮಾಜವೂ ಹಿಂದಿನಿಂದ ಬಂದ ಕ್ಷುಲ್ಲಕ, ಸತ್ತ, ವಿಕೃತ ಸಂಗತಿಗಳನ್ನು ಹೊತ್ತಿರುತ್ತದೆ ಎನ್ನುತ್ತಾರೆ ಅವರು. ಅಂಥವನ್ನು ಹೊರಗಿಟ್ಟು ಒಳ್ಳೆಯದನ್ನು ಬಲಪಡಿಸುವುದು ಶಾಲೆಯ ಹೊಣೆ. ವಿವೇಕ ಬೆಳೆದಂತೆಲ್ಲ ಸಮಾಜ ಉತ್ತಮ ನಾಳೆಗೆ ಬೇಕಾದುದನ್ನಷ್ಟೇ ಮುಂದಕ್ಕೆ ದಾಟಿಸುತ್ತದೆ. ಅದಕ್ಕೆ ಮುಖ್ಯ ಸಾಧನ ಶಾಲೆ. ಅಂಬೇಡ್ಕರ್ ಸಮಾಜದ ಮಾತುಗಳನ್ನು ಇಟ್ಟುಕೊಂಡು ಶಾಲೆಯ ಮಾತುಗಳನ್ನು ಬಿಟ್ಟಿದ್ದಾರೆ. ನಡುವಿನದು ಚುಕ್ಕಿಗಳಲ್ಲಿ ಹೋಯಿತು. ಕೊನೆಯ ಸಾಲು ಬರುವ ಮೊದಲೇ ಉದ್ಧರಣೆ ನಿಂತಿತು.

ಜಾಗ ಉಳಿಸಲು ಹೀಗೆ ಮಾಡಿದರೆಂದು ನನಗನ್ನಿಸುವುದಿಲ್ಲ. ಡ್ಯೂಯಿಯ ಶಾಲೆ ಸಮಾಜದ ಕೊಳೆಯನ್ನು ಬಾಗಿಲಲ್ಲೇ ತಡೆಯುತ್ತದೆ. ಬಾಲಕ ಭೀಮರಾವ್ ಕಂಡ ಶಾಲೆಯಲ್ಲಿ ಅವನು ಕೂರುವ ಗೋಣಿತಟ್ಟನ್ನು ಕಸ ಗುಡಿಸುವ ಆಳೂ ಮುಟ್ಟುತ್ತಿರಲಿಲ್ಲ. ಸಂಜೆ ಮನೆಗೊಯ್ದು ಮರುದಿನ ಅವನೇ ತರಬೇಕಿತ್ತು. ನೀರಿನ ನಲ್ಲಿ ತಿರುಗಿಸಲು ಜವಾನ ಬರಬೇಕಿತ್ತು. ಇದನ್ನು ಅವರೇ ಬರೆದಿದ್ದಾರೆ. ಮೇಲಾಗಿ 'ಜಾತಿ ವಿನಾಶ' 1936ರಲ್ಲಿ ಭಾಷಣವಾಗಿ ಸಿದ್ಧವಾದದ್ದು ಲಾಹೋರಿನ ಹಿಂದೂ ಸುಧಾರಕರ ಸಂಘವಾದ ಜಾತ್‌ಪಾತ್ ತೋಡಕ್ ಮಂಡಲದ ಸಮ್ಮೇಳನಕ್ಕೆ, ಅಂದರೆ ಬೆಳೆದ ಹಿಂದೂಗಳಿಗೆ. ಮಂಡಲ ಸಮ್ಮೇಳನವನ್ನೇ ರದ್ದು ಮಾಡಿತು. ಅಂಬೇಡ್ಕರ್ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಜಾತಿಯನ್ನು ಎತ್ತಿಹಿಡಿಯುವ ಶಾಸ್ತ್ರ ಬಿಡುವ ಹೊಣೆಯನ್ನು ಮಕ್ಕಳ ಮೇಷ್ಟ್ರಿಗೆ ವಹಿಸಿ ಹಿರಿಯರು ಕೈತೊಳೆದುಕೊಳ್ಳಲು ಅವರು ಬಿಡಲಿಲ್ಲ. ಶಾಲೆಯಲ್ಲಿ ನಂಬಿಕೆ ಹೋಗಿತ್ತು ಎಂದಲ್ಲ: 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ, ಮರುವರ್ಷ ಸಿದ್ಧಾರ್ಥ ಕಾಲೇಜು ಕಟ್ಟಿದವರೂ ಅವರೇ.

'ಜಾತಿ ವಿನಾಶ'ವನ್ನು ಮುಂದೆ ಕನ್ನಡದಲ್ಲಿ ತರುವವರು ಈ ಜಾಗದಲ್ಲೊಂದು ಅಡಿಟಿಪ್ಪಣಿ ಹಾಕಲಿ. ಬಿಟ್ಟುಹೋದ ಸಾಲುಗಳೂ ಅದರಲ್ಲಿರಲಿ.